ಪೆಂಗ್ವಿನ್‌ಗಳಿಗೆ ಕನ್ನಡ ಕಲಿಸಿದವಳು

ಮುಮ್ತಾಜ್ ನದಾಫ್ ಕಬ್ಬಿಣದ ಬಾಗಿಲು ಸರಿಸಿ, ಮೀನಿನ ಬಕೆಟ್ಟನ್ನು ಒಮ್ಮೆ ತಟ್ಟಿ, "ಬರ್ರಿ ಬರ್ರಿ, ಊಟಕ್ಕ ಬರ್ರಿ, ತಡಾ ಆತು" ಎಂದು ಕೂಗಿದರೆ, ಜರ್ಮನಿಯಲ್ಲೇ ಹುಟ್ಟಿ ಬೆಳೆದ ಪೆಂಗ್ವಿನ್‌ಗಳು ನೀರಿನಿಂದ ದಬದಬನೆ ಎದ್ದು, ಮೈ ಕೊಡವಿಕೊಂಡು, ಅವಳ ಬೂಟುಗಳ ಮುಂದೆ ಬಂದು ನಿಲ್ಲುತ್ತಿದ್ದವು. ಅದೇ ಜರ್ಮನಿಯಲ್ಲಿ ಹುಟ್ಟಿ ಬೆಳೆಯುತ್ತಿದ್ದ ನನ್ನ ಮಗಳನ್ನು ನಾನು "ಊಟಕ್ಕೆ ಬಾ ಪುಟ್ಟಾ" ಎಂದು ಕರೆದರೆ ಒಳಗಿನ ಕೋಣೆಯಿಂದ "ಗ್ಲೈಶ್, ಮಾಮಾ" ಎಂಬ ಉತ್ತರ ಬರುತ್ತಿತ್ತು. ಈಗ ಬಂದೆ ಎಂದು ಅದರ ಅರ್ಥ. ಬರುತ್ತಿರಲಿಲ್ಲ. ಮುಮ್ತಾಜಳ ಮೇಲೆ ನನಗಿದ್ದ ಹೊಟ್ಟೆಕಿಚ್ಚಿಗೆ ಇಷ್ಟು ಕಾರಣ ಸಾಕಿತ್ತು, ಆದರೂ ಅವಳು ಆಗಾಗ ಹೊಸದನ್ನು ಒದಗಿಸುತ್ತಲೇ ಇದ್ದಳು.

ನಾನು ಮೈಸೂರಿನವಳು. ಬೊಬ್ಲಿಂಗೆನ್‌ನಲ್ಲಿ ಕಾರಿನ ಬ್ರೇಕುಗಳ ಸಾಫ್ಟ್‌ವೇರನ್ನು ಪರೀಕ್ಷಿಸುವ ಕೆಲಸ. ಗಂಡ ಪ್ರಶಾಂತನಿಗೂ ಅಲ್ಲೇ ಪಕ್ಕದ ಕಂಪನಿ. ಮಾನ್ಯ ಹುಟ್ಟಿದ ದಿನವೇ ನಾನು ಒಂದು ನಿರ್ಧಾರ ಮಾಡಿದ್ದೆ: ಈ ಮಗು ನನ್ನ ಜೊತೆ ಕನ್ನಡದಲ್ಲೇ ಮಾತಾಡಬೇಕು. ಜೋಗುಳ, ಕಥೆ, ಬೈಗುಳ ಎಲ್ಲವನ್ನೂ ಕನ್ನಡದಲ್ಲೇ ಕೊಟ್ಟೆ. ಅವಳು ಎಲ್ಲವನ್ನೂ ಕನ್ನಡದಲ್ಲಿ ತೆಗೆದುಕೊಂಡು ಜರ್ಮನ್‌ನಲ್ಲಿ ವಾಪಸು ಕೊಟ್ಟಳು. ಕಿಟಾಗೆ, ಅಂದರೆ ಇಲ್ಲಿಯ ಶಿಶುವಿಹಾರಕ್ಕೆ, ಸೇರಿದ ಮೇಲಂತೂ ನಾನು 'ಅಮ್ಮ' ಹೋಗಿ 'ಮಾಮಾ' ಆದೆ. ಊರಿಗೆ ಹೋದಾಗ ಅವಳು 'ಮಾಮಾ' ಎಂದು ಕೂಗಿದರೆ ನನ್ನ ತಮ್ಮ ಓಡಿಬರುತ್ತಿದ್ದ. ಮನೆಯವರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಒಳಗೆ ಕುದಿಯುತ್ತಿದ್ದೆ.

ನಮ್ಮ ಊರಿನಿಂದ ಎಸ್-ಬಾನ್ ರೈಲು ಹಿಡಿದು ಹೋಗಬಹುದಾದ ಒಂದು ಝೂ ಇದೆ. ಚಳಿಗಾಲದ ಭಾನುವಾರಗಳಲ್ಲಿ ಇಲ್ಲಿ ಅಂಗಡಿಗಳೂ ಮುಚ್ಚಿರುತ್ತವೆ, ಆಕಾಶವೂ ಮುಚ್ಚಿರುತ್ತದೆ. ಮಗು ಇರುವವರು ವರ್ಷದ ಪಾಸು ಮಾಡಿಸಿಕೊಂಡು ಝೂಗೆ ಹೋಗುತ್ತಾರೆ. ಅಂಥ ಒಂದು ಭಾನುವಾರ ಪೆಂಗ್ವಿನ್ ಕೊಳದ ಕಟಕಟೆಗೆ ಒರಗಿ ನಿಂತಿದ್ದಾಗ ಬಂಡೆಯ ಹಿಂದಿನಿಂದ ಒಂದು ದನಿ ಕೇಳಿಸಿತು: "ಏ ತಂಗೆವ್ವಾ, ಅವನ ಪಾಲಿಂದ್ಯಾಕ ಕಸಕೋತಿ? ನಿಂದ ನಿನಗ ಐತಿ."

ನಾನು ತಿರುಗಿದೆ. ಮೊಣಕಾಲುದ್ದದ ರಬ್ಬರ್ ಬೂಟು, ಹಸಿರು ಸಮವಸ್ತ್ರ, ತಲೆವಸ್ತ್ರದ ಮೇಲೊಂದು ಉಣ್ಣೆ ಟೋಪಿ, ಚಳಿಗೆ ಕೆಂಪಾದ ಗುಂಡು ಮುಖ. ಹೆಂಗಸು ಗಿಡ್ಡಗಿದ್ದಳು. ಒಂದು ಪೆಂಗ್ವಿನ್ನಿಗೆ ಬುದ್ಧಿ ಹೇಳುತ್ತಿದ್ದಳು. ನಾನು "ನೀವು ಕನ್ನಡದವರಾ?" ಎಂದೆ. ಅವಳು ತಲೆಯನ್ನು ಎಡಕ್ಕೆ ವಾರೆ ಮಾಡಿ ನೋಡಿದಳು, ಬಲಕ್ಕೆ ವಾರೆ ಮಾಡಿ ನೋಡಿದಳು. ಪೆಂಗ್ವಿನ್‌ಗಳು ಹಾಗೆ ಒಂದೊಂದೇ ಕಣ್ಣಿನಿಂದ ನೋಡುತ್ತವೆ, ಅವುಗಳ ಜೊತೆ ಇದ್ದು ಇವಳಿಗೂ ಅಂಟಿತ್ತು. "ಯವ್ವಾ! ಗದಗ ನಮ್ದು. ನಿಮ್ದು?" ಎಂದಳು. ನಾನು ಮೈಸೂರು ಎನ್ನುವಷ್ಟರಲ್ಲಿ ಅವಳು ಆಗಲೇ ನನ್ನನ್ನು ಬಿಟ್ಟು ಮಾನ್ಯಳ ಕಡೆ ಬಗ್ಗಿದ್ದಳು.

"ಹಲೋ ಆಂಟಿ ಅನ್ನು" ಎಂದು ನಾನು ಮಗಳಿಗೆ ಹೇಳಿಕೊಟ್ಟೆ.

"ಆಂಟಿ ಒಂದ ಅನಬ್ಯಾಡ ನೋಡವಾ. ನಮ್ಮನ್ಯಾಗ ಖಾಲಾ ಅಂತಾರ, ನಮ್ಮ ಓಣ್ಯಾಗ ಮೌಶಿ ಅಂತಾರ. ಎರಡರಾಗ ಯಾವ್ದರ ಅನ್ನು."

ಮಾನ್ಯ "ಮೌಶಿ" ಎಂದಳು. ಮೌಶಿ ಎಂದರೆ ಆ ಕಡೆ ತಾಯಿಯ ತಂಗಿ ಎಂದು ನನಗೆ ಆಮೇಲೆ ತಿಳಿಯಿತು. ನನ್ನನ್ನೊಂದು ಮಾತು ಕೇಳದೆ ನನ್ನ ತಂಗಿಯಾದವಳು ಅವಳು.

ಮುಮ್ತಾಜ್ ಬೀದರಿನಲ್ಲಿ ಪಶುವೈದ್ಯ ಓದಿದವಳು. ಗದಗಿನ ಸುತ್ತಮುತ್ತ ಎಮ್ಮೆಗಳಿಗೆ ಇಂಜೆಕ್ಷನ್ ಕೊಟ್ಟುಕೊಂಡಿದ್ದವಳು ಮದುವೆಯಾಗಿ, ಎಂಜಿನಿಯರ್ ಗಂಡ ಇರ್ಫಾನ್ ಜೊತೆ ಇಲ್ಲಿಗೆ ಬಂದಳು. ಇಲ್ಲಿಯ ಕಚೇರಿಗಳು ಅವಳ ಡಿಗ್ರಿಯನ್ನು ಒಪ್ಪುವುದಕ್ಕೆ ಮೀನಮೇಷ ಎಣಿಸುತ್ತ ಕೂತವು. ಮನೆಯಲ್ಲಿ ಕೂತು ಕಾಯುವ ಪೈಕಿ ಅವಳಲ್ಲ. ಮತ್ತೆ ಮೊದಲಿನಿಂದ ತರಬೇತಿ ಮಾಡಿ ಪ್ರಾಣಿಪಾಲಕಿಯಾದಳು. "ಎಮ್ಮಿ ಬಿಟ್ಟ ಪೆಂಗ್ವಿನ್ನಿಗೆ ಬಂದೆ ನೋಡ್ರಿ. ಭಾಳ ಫರಕ್ ಇಲ್ಲ. ಎರಡೂ ಕರಿ, ಎರಡಕ್ಕೂ ನೀರ ಬೇಕು, ಎರಡೂ ಹೇಳಿದ ಮಾತ ಕೇಳಂಗಿಲ್ಲ" ಎನ್ನುತ್ತಿದ್ದಳು. ಮೊದಮೊದಲು ಅವಳ ಜರ್ಮನ್ ತಡವರಿಸುತ್ತಿತ್ತಂತೆ. ಮನುಷ್ಯರ ಜೊತೆ ಹೇಗೋ ನಿಭಾಯಿಸುತ್ತಿದ್ದಳು, ಪೆಂಗ್ವಿನ್‌ಗಳ ಜೊತೆಯೂ ಯಾಕೆ ಕಷ್ಟಪಡಬೇಕು ಎಂದು ಅವುಗಳ ಹತ್ತಿರ ಕನ್ನಡಕ್ಕೇ ಇಳಿದುಬಿಟ್ಟಳು. ಅವೂ ಒಗ್ಗಿಕೊಂಡವು. ಬೇರೆ ಪಾಲಕರು ಸೀಟಿ ಊದಿ ಸುಸ್ತಾಗುತ್ತಿದ್ದರು.

ಅವಳಿಗೆ ಸಿಟ್ಟು ಬರುವುದನ್ನು ನಾನು ನೋಡಿದ್ದು ಒಂದೇ ವಿಷಯಕ್ಕೆ. ಆಗಸ್ಟಿನ ಧಗೆಯಲ್ಲಿ ಒಬ್ಬ ಜರ್ಮನ್ ಅಪ್ಪ, ಹೆಗಲ ಮೇಲೆ ಮಗನನ್ನು ಕೂರಿಸಿಕೊಂಡು, ಪಾಪದ ಪ್ರಾಣಿಗಳು, ಇವಕ್ಕೆ ಐಸ್ ಎಲ್ಲಿ ಎಂದು ಅವಳನ್ನು ದಬಾಯಿಸಿದ. ಅವಳು ಜರ್ಮನ್‌ನಲ್ಲಿ ಅವನಿಗೆ ಬಿಡಿಸಿ ಬಿಡಿಸಿ ಹೇಳಿದಳು. ಅವನು ಹೋದ ಮೇಲೂ ಸಿಟ್ಟು ಇಳಿಯದೆ ನಮ್ಮ ಕಡೆ ತಿರುಗಿದಳು: "ಐಸ್ ಅಂತ ಐಸ್! ಇವು ಹಂಬೋಲ್ಟ್ ಪೆಂಗ್ವಿನ್ನರಿ. ಪೆರು, ಚಿಲಿ ದೇಶದ ದಂಡಿ ಮ್ಯಾಲಿನವು. ಈ ಕಡೆ ಮರಳುಗಾಡ, ನಮ್ಮ ರಾಯಚೂರ ಬಿಸಲಿದ್ದಂಗ. ಆ ಕಡೆ ಸಮುದ್ರ, ಕಾಲಿಟ್ರ ಜುಮ್ ಅನ್ನೂವಷ್ಟ ಥಂಡ. ನಡುವ ಕುಂತ ಸಂಸಾರ ಮಾಡ್ತಾವು. ಚುಂಚಿನ ಬುಡಕ ಗುಲಾಬಿ ಚರ್ಮ ಐತಿ ನೋಡು ಮಾನ್ಯಾ, ಪುಕ್ಕಿಲ್ಲ ಅಲ್ಲಿ. ಸೆಕಿ ಆದ್ರ ರಕ್ತ ಅಲ್ಲಿಗೆ ಬಂದ ಗಾಳಿ ತಗೋತೈತಿ. ನಾವು ಕಿಡಕಿ ತಗದಂಗ." ಮಾನ್ಯ ಬಾಯಿ ಬಿಟ್ಟುಕೊಂಡು ಕೇಳಿದಳು. ಮೈಸೂರರಮನೆಯ ಬಗ್ಗೆ ನಾನು ಹೇಳಿದಾಗ ಅವಳು ಸಾಕ್ಸ್ ಹುಡುಕಿಕೊಂಡು ಎದ್ದುಹೋಗಿದ್ದಳು.

ಝೂನಲ್ಲಿ ಶನಿವಾರ ಮಕ್ಕಳ ಕ್ಲಬ್ ಇತ್ತು. ಮಕ್ಕಳು ಗೂಡು ಗುಡಿಸಬಹುದು, ಮೀನು ಎಣಿಸಬಹುದು. ಮಾನ್ಯ ಸೇರಿದಳು. ಕ್ಲಬ್ಬಿನ ಉಳಿದ ಮಕ್ಕಳು ಜರ್ಮನ್‌ನಲ್ಲಿ ಕೂಗಿದರೆ ಪೆಂಗ್ವಿನ್‌ಗಳು ಬೆನ್ನು ತೋರಿಸಿ ನಿಲ್ಲುತ್ತಿದ್ದವು. ಮೌಶಿ ಕೂಗಿದರೆ ಮಾತ್ರ ಬರುತ್ತಿದ್ದವು. ನನ್ನ ಮಗಳು ಎರಡು ಶನಿವಾರ ಇದನ್ನು ಗಮನಿಸಿದಳು. ಮೂರನೆಯ ವಾರ ಬಕೆಟ್ ತಟ್ಟಿ, "ಬರ್ರಿ ಬರ್ರಿ, ಊಟಕ್ಕ ಬರ್ರಿ" ಎಂದಳು. ಹುಟ್ಟಿದ ಲಾಗಾಯ್ತು ನಾನು ಕಾದಿದ್ದ ಕನ್ನಡ ವಾಕ್ಯ ನನ್ನ ಮಗಳ ಬಾಯಿಂದ ಕೊನೆಗೂ ಹೊರಟಿತು, ಹಕ್ಕಿಗಳನ್ನು ಕರೆಯುವುದಕ್ಕೆ.

ಆಮೇಲೆ ತಡೆಯುವವರಿಲ್ಲ. ಸಂಜೆ ಮನೆಗೆ ಬಂದರೆ "ಅವ್ವಾ, ಹೊಟ್ಟಿ ಹಸದೇತಿ" ಎನ್ನುತ್ತಿದ್ದಳು. ಉಪ್ಪುನೀರು ಕುಡಿಯುವ ಪೆಂಗ್ವಿನ್‌ಗಳಿಗೆ ಕಣ್ಣಿನ ಮೇಲ್ಗಡೆ ಒಂದು ಗ್ರಂಥಿ ಇದೆ, ಅದು ಉಪ್ಪನ್ನು ಸೋಸಿ ಮೂಗಿನಿಂದ ಹನಿಹನಿಯಾಗಿ ಹೊರಗೆ ಹಾಕುತ್ತದೆ ಎಂದು ಮೌಶಿ ಹೇಳಿಕೊಟ್ಟಿದ್ದಳು. ಮಗಳು ನನ್ನ ಸಾರು ಒಂದು ಚಮಚ ಬಾಯಿಗಿಟ್ಟು, ಪೆಂಗ್ವಿನ್ನಿನ ಹಾಗೆ ಮೂಗು ಕೊಡವಿ, "ಉಪ್ಪ ಹೆಚ್ಚಾಗೇತಿ" ಎಂದಳು. ಮೌಶಿಯ ಮನೆಯ ಜೋಳದ ರೊಟ್ಟಿ, ಶೇಂಗಾ ಚಟ್ನಿಗೆ ಉಪ್ಪು ಯಾವತ್ತೂ ಹದವಾಗಿರುತ್ತಿತ್ತು.

"ಯಾವ ಕನ್ನಡ ಆದ್ರೇನೇ, ಮಾತಾಡ್ತಿದಾಳಲ್ಲ. ನೀನು ಖುಷಿ ಪಡ್ಬೇಕು" ಎಂದ ಪ್ರಶಾಂತ. ಈ ಮನುಷ್ಯ ಯಾವಾಗಲೂ ಸರಿಯಾದ ಮಾತನ್ನೇ ಆಡುತ್ತಾನೆ, ಅದೇ ತೊಂದರೆ. ಖುಷಿಯೂ ಆಗಿತ್ತು. ಆದರೆ ನಾನು ವರ್ಷಗಟ್ಟಲೆ ನೀರು ಹಾಕಿದ ಗಿಡ ಪಕ್ಕದ ಮನೆಯ ಕಡೆ ವಾಲಿ ಹೂಬಿಟ್ಟರೆ ನೀರು ಹಾಕಿದವಳಿಗೆ ಹೇಗಾಗಬೇಕು?

ಈ ಸಂಕಟದಲ್ಲಿ ನನಗೆ ಇಬ್ಬರು ಜೊತೆಗಾರರಿದ್ದರು, ಇಬ್ಬರಿಗೂ ರೆಕ್ಕೆ ಇತ್ತು. ಸಾವ್ಕಾರ ಎಂಬುದು ಒಂದು ಗಂಡು ಪೆಂಗ್ವಿನ್. ಅವನ ತಂದೆ ತಾಯಿ ಮೊಟ್ಟೆಯನ್ನು ಬಿಟ್ಟೆದ್ದು ಹೋಗಿದ್ದರಿಂದ ಮುಮ್ತಾಜ್ ಅದನ್ನು ಪೆಟ್ಟಿಗೆಯ ಕಾವಿನಲ್ಲಿಟ್ಟು ಮರಿ ಮಾಡಿ, ಮೀನನ್ನು ಅರೆದು ಸಿರಿಂಜಿನಲ್ಲಿ ಉಣಿಸಿ ಬೆಳೆಸಿದ್ದಳು. ಎದೆಯ ಮೇಲಿನ ಕರಿಚುಕ್ಕೆಗಳು ಒಂದೊಂದು ಹಕ್ಕಿಗೆ ಒಂದೊಂದು ಥರ. ಇವನಿಗೆ ಅಂಗಿಯ ಗುಂಡಿಗಳ ಹಾಗೆ ಸಾಲಾಗಿದ್ದವು, ಅದಕ್ಕೇ ಸಾವ್ಕಾರ. ದೊಡ್ಡವನಾದ ಮೇಲೆ ಮುಮ್ತಾಜ್ ತನ್ನವಳು ಎಂದು ಅವನು ತೀರ್ಮಾನಿಸಿಬಿಟ್ಟ. ಅವಳ ಪಕ್ಕ ಯಾರು ನಿಂತರೂ ಬಂದು ಕಾಲು ಕುಕ್ಕುತ್ತಿದ್ದ. ನನ್ನ ಮೀನಖಂಡದ ಮೇಲೆ ಅವನ ಗುರುತು ಈಗಲೂ ಇದೆ. ಅವನಿಗೆ ಲಕ್ಷಣವಾಗಿ ಒಬ್ಬಳು ಹೆಂಡತಿಯೂ ಇದ್ದಳು, ಶಾಂತವ್ವ. ಇವುಗಳಲ್ಲಿ ಗಂಡು ಹೆಣ್ಣು ಸರದಿಯಂತೆ ಮೊಟ್ಟೆಗೆ ಕೂರಬೇಕು. ಸಾವ್ಕಾರ ತನ್ನ ಸರದಿಯಲ್ಲಿ ಬಾಗಿಲ ಸದ್ದು ಕೇಳಿದರೆ ಸಾಕು, ಮೊಟ್ಟೆ ಬಿಟ್ಟು ಮುಮ್ತಾಜಳ ಕಡೆ ಓಡುತ್ತಿದ್ದ. ಶಾಂತವ್ವ ಗೂಡಿನ ಬಿಲದ ಬಾಯಲ್ಲಿ ನಿಂತು ಕತ್ತು ಮೇಲೆತ್ತಿ ಕತ್ತೆಯ ಹಾಗೆ ಅರಚುತ್ತಿದ್ದಳು. ಆ ಅರಚಾಟದ ಅರ್ಥ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಒಂದು ಶನಿವಾರ ತಾಯಿತಂದೆಯರನ್ನೂ ಒಳಗೆ ಬಿಟ್ಟರು. ನಾನು ಫೋಟೋ ತೆಗೆಯಲೆಂದು ಒಂದು ಕೈಗವಸನ್ನು ಕಳಚಿ ಬಂಡೆಯ ಮೇಲಿಟ್ಟೆ. ಅದು ನನ್ನಮ್ಮ ಹೆಣೆದುಕೊಟ್ಟದ್ದು. ಗೂಡಿಗೆ ಕಡ್ಡಿ ಹುಲ್ಲು ಕದಿಯುವುದು ಈ ಹಕ್ಕಿಗಳ ಜಾಯಮಾನ; ಸಾವ್ಕಾರ ಬಂದವನೇ ಕೈಗವಸನ್ನು ಕಚ್ಚಿಕೊಂಡ. ಶಾಂತವ್ವನ ಬಿಲ ಎರಡು ಹೆಜ್ಜೆ ದೂರದಲ್ಲಿತ್ತು. ಅವನು ಅದನ್ನು ದಾಟಿ, ನನ್ನನ್ನೂ ದಾಟಿ, ಕೈಗವಸನ್ನು ತಂದು ಮುಮ್ತಾಜಳ ಬೂಟಿನ ಮೇಲಿಟ್ಟು ತಲೆ ಬಾಗಿಸಿದ. ಮುಮ್ತಾಜ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಾನ್ಯ ಅವಳ ಸೊಂಟಕ್ಕೆ ಆತುಕೊಂಡು ನಕ್ಕಳು. ನನ್ನದು ಎನ್ನುವುದೆಲ್ಲ ಹೋಗಿ ಇವಳ ಕಾಲ ಬುಡದಲ್ಲಿ ಬೀಳುತ್ತದಲ್ಲ ಎಂದು ನನಗೆ ಉರಿದುಹೋಯಿತು.

ಆ ನವೆಂಬರಿನಲ್ಲಿ ನಮ್ಮ ಕಡೆಯ ಕನ್ನಡದವರೆಲ್ಲ ಸೇರಿ ಬಾಡಿಗೆಯ ಹಾಲ್ ಒಂದರಲ್ಲಿ ರಾಜ್ಯೋತ್ಸವ ಮಾಡಿದೆವು. ಮಕ್ಕಳು ವೇದಿಕೆಯ ಮೇಲೆ ಕನ್ನಡದಲ್ಲಿ ನಾಲ್ಕು ಮಾತು ಆಡಬೇಕು. ನಾನು ಮಾನ್ಯಳಿಗೆ ವಾರಗಟ್ಟಲೆ ಬಾಯಿಪಾಠ ಮಾಡಿಸಿದ್ದೆ: ನನ್ನ ಹೆಸರು ಮಾನ್ಯ, ನಮ್ಮ ಊರು ಮೈಸೂರು, ಮೈಸೂರಿನಲ್ಲಿ ಅರಮನೆ ಇದೆ. ರೇಷ್ಮೆ ಲಂಗ ಉಟ್ಟ ಮಗಳು ಮೈಕಿನ ಮುಂದೆ ನಿಂತಳು, ನನ್ನನ್ನು ನೋಡಿದಳು, ಬಾಯಿ ಕಟ್ಟಿತು. ನಾನು ಮುಂದಿನ ಸಾಲಿನಲ್ಲಿ ಕೂತು ತುಟಿ ಅಲ್ಲಾಡಿಸಿದೆ. ಅವಳ ಕಣ್ಣಲ್ಲಿ ನೀರು ತುಂಬಿತು. ಆಗ ಹಿಂದಿನ ಸಾಲಿನಿಂದ ಒಂದು ಕೂಗು ಬಂತು: "ಏ ಮಾನ್ಯಾ, ಸಾವ್ಕಾರ ಏನ ಮಾಡಿದ ಹೇಳವಾ!"

ಮಗಳ ಮುಖ ಅರಳಿತು. "ಸಾವ್ಕಾರ ನಮ್ಮವ್ವನ ಗ್ಲೌಸ್ ಕದ್ದಾನ್ರಿ! ಒಯ್ದು ಮೌಶಿಗೆ ಕೊಟ್ಟಾನ. ಶಾಂತವ್ವಗ ಸಿಟ್ಟ ಬಂದೇತಿ. ನಮ್ಮವ್ವಗೂ ಸಿಟ್ಟ ಬಂದೇತಿ. ಇಬ್ಬರೂ ಹಿಂಗ ಒದರ್ಯಾರ!" ಎಂದು ಕತ್ತು ಮೇಲೆತ್ತಿ ಪೆಂಗ್ವಿನ್ನಿನ ಹಾಗೆ ಅರಚಿದಳು. ಹಾಲ್ ಬಿದ್ದು ಬಿದ್ದು ನಕ್ಕಿತು, ಚಪ್ಪಾಳೆ ನಿಲ್ಲಲಿಲ್ಲ. ಪಕ್ಕದಲ್ಲಿ ಕೂತಿದ್ದ ಒಬ್ಬ ಹಿರಿಯ ಹೆಂಗಸು "ಎಷ್ಟು ಚೆನ್ನಾಗ್ ಮಾತಾಡ್ತಾಳ್ರೀ! ನಿಮ್ದು ಹುಬ್ಬಳ್ಳಿ ಕಡೆನಾ?" ಎಂದು ಕೇಳಿದರು. ಮೈಸೂರು ಎಂದೆ. ಅವರು ನನ್ನನ್ನೂ ವೇದಿಕೆಯನ್ನೂ ಮತ್ತೆ ಮತ್ತೆ ನೋಡಿದರು. ಮುಮ್ತಾಜ್ ಆಮೇಲೆ ತಟ್ಟೆಯಲ್ಲಿ ಹೋಳಿಗೆ ತಂದುಕೊಟ್ಟಳು. ತುಪ್ಪ ಹಾಕಿಕೊಂಡು ತಿಂದೆ, ಅವಳ ಕಡೆ ನೋಡದೆ.

ಇದೆಲ್ಲ ಹೇಳಿದ ಮೇಲೆ ಒಂದು ವಿಷಯವನ್ನು ಬಿಡಬಾರದು. ಆಫೀಸಿನಲ್ಲಿ ನಾನು ತಿಂಗಳುಗಟ್ಟಲೆ ದುಡಿದ ಪ್ರಾಜೆಕ್ಟನ್ನು ಮೇಲಿನವರು ನಿಲ್ಲಿಸಿದ ದಿನ, ಮನೆಗೆ ಬಂದು ಯಾರ ಜೊತೆಗೂ ಮಾತಾಡದೆ ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟೆ. ಪ್ರಶಾಂತ ಸಮಾಧಾನ ಮಾಡಲು ಬಂದ. ಬಾಗಿಲಲ್ಲಿ ಮಾನ್ಯ ಅವನನ್ನು ತಡೆದಳು.

"ಪಪ್ಪಾ, ಒಳಗ ಹೋಗಬ್ಯಾಡ. ಅವ್ವಗ ಪುಕ್ಕ ಉದರಾಕತ್ತಾವ."

ವರ್ಷಕ್ಕೊಮ್ಮೆ ಪೆಂಗ್ವಿನ್‌ಗಳಿಗೆ ಹಳೆಯ ಪುಕ್ಕವೆಲ್ಲ ಒಟ್ಟಿಗೇ ಉದುರುತ್ತದೆ. ಹೊಸದು ಬರುವ ತನಕ ನೀರಿಗಿಳಿಯುವ ಹಾಗಿಲ್ಲ, ಬೇಟೆಯಿಲ್ಲ, ಊಟವಿಲ್ಲ. ಮೊದಲೇ ತಿಂದು ಕೊಬ್ಬಿದ ಮೈಯನ್ನೇ ಕರಗಿಸಿಕೊಂಡು, ಹರಿದ ಹಾಸಿಗೆಯ ಹಾಗೆ ಮೂಲೆಯಲ್ಲಿ ನಿಂತಿರುತ್ತವೆ. ಆಗ ಅವುಗಳನ್ನು ಮಾತಾಡಿಸಬಾರದು, ಮುಟ್ಟಬಾರದು, ಹತ್ತಿರ ಸುಮ್ಮನೆ ಕೂರಬೇಕು ಎಂದು ಮುಮ್ತಾಜ್ ಮಕ್ಕಳಿಗೆ ಹೇಳಿದ್ದಳು. ಮಾನ್ಯ ಬಂದು ನನ್ನ ಬೆನ್ನ ಹಿಂದೆ ಸುಮ್ಮನೆ ಕೂತಳು. ಬಹಳ ಹೊತ್ತು ಕೂತಿದ್ದಳು. ಆ ದಿನ ನನ್ನನ್ನು ಬದುಕಿಸಿದ್ದು ಮಗಳು, ಮಗಳಿಗೆ ಕಲಿಸಿದ್ದು ಮುಮ್ತಾಜ್. ಅವಳಿಗೆ ಕೃತಜ್ಞಳಾಗಬೇಕಾಗಿ ಬಂತಲ್ಲ ಎಂದು ಅದಕ್ಕೂ ಉರಿಯಿತು.

ಹೋದ ವರ್ಷ ಕೊನೆಗೂ ಅವಳ ಡಿಗ್ರಿಯನ್ನು ಇಲ್ಲಿಯವರು ಒಪ್ಪಿದರು. ಉತ್ತರದಲ್ಲಿ, ಸಮುದ್ರದ ಹತ್ತಿರದ ಒಂದು ಊರಿನ ಪಶು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಸುದ್ದಿ ಕೇಳಿ ನಾನು ಖುಷಿಪಟ್ಟೆ. ಅವಳಿಗೆ ಒಳ್ಳೆಯದಾಯಿತೆಂದು ಒಂದಿಷ್ಟು, ಅವಳು ದೂರ ಹೋಗುತ್ತಾಳೆಂದು ಮಿಕ್ಕಷ್ಟು.

ಕೊನೆಯ ಸಂಜೆ ನಾವು ಹೋದಾಗ ಅವಳು ಎಂದಿನಂತೆ ಮೀನು ಹಂಚುತ್ತಿದ್ದಳು. ಗಂಟಲಿಗೆ ಮುಳ್ಳು ಚುಚ್ಚದ ಹಾಗೆ ಅವು ಮೀನನ್ನು ತಲೆಯ ಕಡೆಯಿಂದಲೇ ನುಂಗುತ್ತವೆ. ಅವಳು ಒಂದೊಂದು ಮೀನನ್ನೂ ತಿರುಗಿಸಿ ತಲೆ ಮುಂದೆ ಮಾಡಿ ಕೊಡುತ್ತಿದ್ದಳು. ಹಕ್ಕಿಗಳಿಗೆ ವಿಶೇಷವಾಗಿ ಏನೂ ಹೇಳಲಿಲ್ಲ. ಬಕೆಟ್ ತೊಳೆದು, ಮಾನ್ಯಳನ್ನು ಬೂಟು ತೆಗೆಯಲು ಒಳಗೆ ಕಳಿಸಿ, ನನ್ನ ಪಕ್ಕ ಕಟಕಟೆಗೆ ಒರಗಿದಳು. ಅವಳ ಮಗ ಅಯಾನ್ ದೂರದಲ್ಲಿ ಕಾಯುತ್ತಿದ್ದ. ಅವಳಿಗಿಂತ ಎತ್ತರದ ಹುಡುಗ, ಕಿವಿಯಲ್ಲಿ ಹೆಡ್‌ಫೋನ್. ಅವಳು "ಬಂದೆನಪಾ, ಐದ ಮಿನಿಟ" ಎಂದಳು. ಅವನು ಫೋನಿನಿಂದ ತಲೆಯೆತ್ತದೆ ಜರ್ಮನ್‌ನಲ್ಲಿ ಏನೋ ಗೊಣಗಿದ.

"ನೋಡಿದ್ರಿಲ್ಲ ಅಕ್ಕಾರ? ಪೆಂಗ್ವಿನ್ ಕನ್ನಡ ಕಲ್ತ್ವು. ಅಂವ ಕಲೀಲಿಲ್ಲ. ಈ ಹಕ್ಕಿಗೋಳ ಜೋಡಿ ಇಷ್ಟ ಮಾತಾಡೂದ್ಯಾಕ ಅಂತೀರಿ? ಮನ್ಯಾಗ ಯಾರ ಅದಾರ್ರಿ? ಇರ್ಫಾನ್ ಮಾತ ಕಮ್ಮಿ." ಎಡಗಣ್ಣಿನಿಂದ ಒಮ್ಮೆ, ಬಲಗಣ್ಣಿನಿಂದ ಒಮ್ಮೆ ನನ್ನನ್ನು ನೋಡಿದಳು. "ನಿಮ್ಮ ಮ್ಯಾಲ ನನಗ ಹೊಟ್ಟಿ ಉರೀತಿತ್ತ, ಖರೇ ಹೇಳ್ತೇನಿ. ಮಾನ್ಯಾ ಕನ್ನಡದಾಗ ಎಲ್ಲಾ ನನಗ ಹೇಳತಿದ್ಲು. ಆಮ್ಯಾಲೆ ನಿಮ್ಮ ಕೈ ಹಿಡಕೊಂಡ ಮನೀಗೆ ಹೋಗಿಬಿಡತಿದ್ಲು."

ಅದನ್ನು ಕೇಳಿ ನನಗೆ ಸಮಾಧಾನವಾಯಿತು. ಕರುಣೆ ಆಮೇಲೆ ಬಂತು. ನಾನು ಏನೋ ಹೇಳಬೇಕೆನ್ನುವಷ್ಟರಲ್ಲಿ ಸಾವ್ಕಾರ ನೀರಿನಿಂದೆದ್ದು ಬಂದು ಕಟಕಟೆಯ ಸಂದಿಯಿಂದ ನನ್ನ ಕಾಲನ್ನು ಕುಕ್ಕಿದ. "ಬಿಡೋ, ನಮ್ಮಕ್ಕಾರೋ" ಎಂದು ಮುಮ್ತಾಜ್ ಅವನಿಗೆ ಹೇಳಿದಳು.

ಅವಳು ಹೋದಳು. ನಾನು ಬಯಸಿದ್ದು ಆಯಿತು. ಮಾನ್ಯ ಎರಡು ದಿನ ಅತ್ತಳು, ಮೂರನೆಯ ದಿನದಿಂದ ಜರ್ಮನ್‌ಗೆ ಮರಳಿದಳು. ಅವ್ವ ಹೋಗಿ ಮತ್ತೆ ಮಾಮಾ ಬಂದಳು. ಊಟಕ್ಕೆ ಕರೆದರೆ 'ಗ್ಲೈಶ್'. ಸಾರಿನಲ್ಲಿ ಬೇಕೆಂದೇ ಉಪ್ಪು ಹೆಚ್ಚು ಹಾಕಿ ಕಾದೆ. ಅವಳು ಸದ್ದಿಲ್ಲದೆ ತಿಂದೆದ್ದಳು. ನನ್ನ ಹೊಟ್ಟೆಕಿಚ್ಚಿಗೆ ಈಗ ಮನೆಯಲ್ಲಿ ಕೆಲಸವೇ ಇರಲಿಲ್ಲ, ಆ ಖಾಲಿತನ ಕಿಚ್ಚಿಗಿಂತ ಕೆಟ್ಟದಾಗಿತ್ತು.

ಮೊನ್ನೆ ಭಾನುವಾರ ಒಲ್ಲೆ ಒಲ್ಲೆ ಎನ್ನುತ್ತಿದ್ದ ಅವಳನ್ನು ಝೂಗೆ ಕರೆದುಕೊಂಡು ಹೋದೆ. ಹೊಸ ಪಾಲಕ ಸೀಟಿ ಊದುತ್ತಿದ್ದ. ಪೆಂಗ್ವಿನ್‌ಗಳು ಬಂದರೆ ಬಂದವು, ಬಿಟ್ಟರೆ ಬಿಟ್ಟವು. ಸಾವ್ಕಾರ ಕಬ್ಬಿಣದ ಬಾಗಿಲಿಗೆ ಮುಖ ಮಾಡಿ ಒಬ್ಬನೇ ನಿಂತಿದ್ದ. ಮೈಯ ಪುಕ್ಕವೆಲ್ಲ ಅರ್ಧಂಬರ್ಧ ಉದುರಿ, ಎದೆಯ ಗುಂಡಿಗಳೂ ಕಾಣದ ಹಾಗಾಗಿದ್ದ. ನಾನು ಬೇಕೆಂದೇ ಕಟಕಟೆಯ ಸಂದಿಗೆ ಕಾಲನ್ನು ಒತ್ತಿ ನಿಂತೆ. ಅವನು ತಿರುಗಿ ನೋಡಲಿಲ್ಲ. ಯಾರ ಪಕ್ಕ ನಿಂತಿದ್ದಾಳೆಂದು ನನ್ನನ್ನು ಕುಕ್ಕಬೇಕು?

ಆಗ ನನಗೇನು ಬಂತೋ, ಅಷ್ಟು ಜರ್ಮನರ ನಡುವೆ ಕೂಗಿದೆ: "ಬನ್ರೀ, ಬನ್ರೀ, ಊಟಕ್ಕೆ ಬನ್ರೀ!"

ಒಂದು ಹಕ್ಕಿಯೂ ಕದಲಲಿಲ್ಲ. ಮಾನ್ಯ ನನ್ನ ಕೋಟನ್ನು ಹಿಡಿದು ಎಳೆದಳು. ನಾಚಿಕೆಯಾಗಿರಬೇಕು ಎಂದುಕೊಂಡೆ.

"ಹಂಗಲ್ಲವಾ" ಎಂದಳು ನನ್ನ ಮಗಳು. "ಮೌಶಿ ಹಂಗ ಅನ್ನಂಗಿಲ್ಲ. ಬರ್ರಿ ಅನ್ನು. ತಡಾ ಆತು ಅನ್ನು."

ಥೇಟ್ ಮುಮ್ತಾಜಳದೇ ದನಿ, ತಲೆಯನ್ನು ವಾರೆ ಮಾಡಿದ್ದೂ ಅವಳ ಹಾಗೇ. ಹೊಟ್ಟೆಯಲ್ಲಿ ಆ ಹಳೆಯ ಕಿಚ್ಚು ಚುರ್ರೆಂದಿತು. ನಾನು ಮಂಡಿಯೂರಿ ಮಗಳ ಎತ್ತರಕ್ಕೆ ಕೂತೆ.

"ಹೇಗೆ? ಇನ್ನೊಂದ್ಸಲ ಹೇಳ್ಕೊಡು."

"ಬರ್ರಿ ಬರ್ರಿ."

"ಬರ್ರಿ ಬರ್ರಿ" ಎಂದೆ.

"ಊಟಕ್ಕ ಬರ್ರಿ. ಇನ್ನಾ ಜೋರಲೇ ಅನ್ನವಾ."

ಬಿಲದ ಬಾಯಲ್ಲಿ ಶಾಂತವ್ವ ತಲೆಯೆತ್ತಿದಳು. ನಾನು ಇನ್ನೂ ಜೋರಾಗಿ ಕೂಗಿದೆ: "ಊಟಕ್ಕ ಬರ್ರಿ, ತಡಾ ಆತು!"